ಪ್ರೆಸಿಲ್ಲಾ ಟೀಚರ್ ಆರಿಸಿದ ಪಿಸ್ತೂಲು ಕ್ಲಾಸು

"ನಂಬಿಕೆ ಇಲ್ವಾ ನಿಮಗೆ?"

ಪ್ರೆಸಿಲ್ಲಾ ಟೀಚರ್ ಕೇಳಿದ ರೀತಿಗೆ ಎಂಟನೇ ಕ್ಲಾಸಿನ ಹುಡುಗರಾಗಿದ್ದರೆ ಗಡಗಡ ನಡುಗುತ್ತಿದ್ದರು. ಎದುರಿಗಿದ್ದ, ಪಿಸ್ತೂಲು ಕಲಿಸುವ ದೊರೆಸ್ವಾಮಿ ಮಾತ್ರ ನಡುಗಲಿಲ್ಲ. ಕೈಯಲ್ಲಿದ್ದ ಪಿಸ್ತೂಲಿನ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆಳೆದು, ಕಿರುಬೆರಳಿನ ತುದಿಯನ್ನು ಒಳಗಿಟ್ಟು ನೋಡುವುದನ್ನು ಮುಗಿಸಿ, ಆಮೇಲೆ ನಿಧಾನವಾಗಿ ತಲೆಯೆತ್ತಿದ.

"ಇಲ್ಲ ಕಣ್ರೀ," ಎಂದ.

ನಡೆದದ್ದು ಇಷ್ಟೇ. ಅವನು ಪಿಸ್ತೂಲನ್ನು ತೆರೆದು, ಒಳಗೆ ಗುಂಡಿಲ್ಲ ಎಂದು ತೋರಿಸಿ ಅವಳ ಕೈಗೆ ಕೊಟ್ಟಿದ್ದ. ಅವಳೂ ತೆರೆದು ನೋಡಿ, "ಖಾಲಿ ಉಂಟು" ಎಂದು ಹಿಂತಿರುಗಿಸಿದ್ದಳು. ಅವಳ ಮಾತು ಇನ್ನೂ ಮುಗಿದಿರಲಿಲ್ಲ, ಅವನು ಮತ್ತೊಮ್ಮೆ ತೆರೆದು ನೋಡಿದ. ಅದೂ ಅವಳ ಕಣ್ಣೆದುರಿಗೇ.

ಇಷ್ಟಕ್ಕೆಲ್ಲ ಕೋಪವೇ ಎಂದು ಕೇಳುವವರಿಗೆ ಪ್ರೆಸಿಲ್ಲಾ ಗೊತ್ತಿಲ್ಲ ಎಂದೇ ಅರ್ಥ. ಉಡುಪಿ ಕಡೆಯ ಹುಡುಗಿ, ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಇಂಡಿಯನ್ ಶಾಲೆಯೊಂದರಲ್ಲಿ ಆಟದ ಟೀಚರ್. ವಯಸ್ಸು ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಅದರ ಬಗ್ಗೆ ಅವಳಿಗಿಂತ ಊರಿಗೇ ಹೆಚ್ಚು ಚಿಂತೆ. ಮಸ್ಕತ್ತಿನ ಕನ್ನಡದವರ ನಡುವೆ ಅವಳಿಗೆ ಬೇರೆ ಆಸ್ತಿಯಿರಲಿಲ್ಲ, ಇದ್ದದ್ದು ಮಾತು. ಪ್ರೆಸಿಲ್ಲಾ ಟೀಚರ್ ಹೇಳಿದರೆ ಮುಗಿಯಿತು ಎನ್ನುತ್ತಿದ್ದರು. ಆ ಹೆಸರನ್ನು ಅವಳು ಕಣ್ಣಿನಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು.

ಅದಕ್ಕೇ ಮಹಿಳಾ ಸಂಘದವರು ಈ ಕೆಲಸವನ್ನು ಅವಳಿಗೆ ವಹಿಸಿದ್ದು. ಆ ವರ್ಷ, ತೊಂಬತ್ತರ ದಶಕದ ಆರಂಭದಲ್ಲಿ, ಸಂಘಗಳ ನಡುವಿನ ಕ್ರೀಡಾಕೂಟಕ್ಕೆ ಮೊದಲ ಸಲ ಹೆಂಗಸರ ಪಿಸ್ತೂಲು ಸ್ಪರ್ಧೆ ಸೇರಿತ್ತು. ಪ್ರೆಸಿಲ್ಲಾಳೂ ಸೇರಿ ಐದು ಮಂದಿ ಹೆಸರು ಕೊಟ್ಟಿದ್ದರು, ಒಬ್ಬರಿಗೂ ಪಿಸ್ತೂಲು ಹಿಡಿದು ಗೊತ್ತಿಲ್ಲ. ಗಂಡಂದಿರು "ಮನೇಲಿ ಲಟ್ಟಣಿಗೆ ಸಾಕಾಗ್ಲಿಲ್ವಾ?" ಎಂದು ನಕ್ಕರೂ ವೀಸಾ ಕೊಟ್ಟ ಕಫೀಲರಿಂದ ಒಪ್ಪಿಗೆ ಪತ್ರ ತಂದುಕೊಟ್ಟಿದ್ದರು. ಹೊಸಬರಿಗೆ ಕಲಿಸುವ ಕ್ಲಾಸು ಊರಲ್ಲಿ ಎರಡಿದ್ದವು. "ಎರಡನ್ನೂ ನೋಡಿ ಬಾ. ನೀನು ಯಾವುದು ಹೇಳ್ತಿಯೋ ಅಲ್ಲಿಗೆ ನಾವು," ಎಂದಿದ್ದಳು ಸಂಘದ ಅಧ್ಯಕ್ಷೆ ಬೀಟ್ರಿಸ್. ಅವಳು ಪ್ರೆಸಿಲ್ಲಾಳ ತಾಯಿಯ ತಂಗಿ. ರೂವಿಯಲ್ಲಿದ್ದ ಆ ಮಾವ್ಶಿಯ ಫ್ಲಾಟಿನಲ್ಲೇ ಪ್ರೆಸಿಲ್ಲಾಳ ವಾಸ.

ಹಾಗೆ ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿಸಿ, ಟ್ಯಾಕ್ಸಿ ಹಿಡಿದು, ಬೌಶರ್ ಗುಡ್ಡದ ಹಿಂದಿನ ಈ ಶೂಟಿಂಗ್ ರೇಂಜಿಗೆ ಬಂದವಳಿಗೆ ಸಿಕ್ಕಿದ್ದು ಈ ಸ್ವಾಗತ.

"ನಿಮ್ಮ ಮೇಲೆ ಅಂತಲ್ಲ," ದೊರೆಸ್ವಾಮಿ ಹೇಳತೊಡಗಿದ. "ಈ ವಿಷಯದಲ್ಲಿ ನನಗೆ ಯಾರ ಮೇಲೂ..."

"ಸಾಕು. ಖಲಾಸ್." ಅವಳು ಹ್ಯಾಂಡ್‌ಬ್ಯಾಗು ಹೆಗಲಿಗೇರಿಸಿದಳು. "ನಾನು ಹೇಳಿದ ಮೇಲೆ ಯಾರೂ ಹೀಗೆ ಎರಡನೇ ಸಲ ನೋಡಿದ್ದಿಲ್ಲ."

ಅವನು ಜಗಳಕ್ಕೆ ನಿಲ್ಲಲಿಲ್ಲ. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಎಂಜಿನಿಯರು, ಮೈಸೂರಿನವನು, ಒಂದು ಕಾಲದಲ್ಲಿ ರಾಜ್ಯದ ಶೂಟಿಂಗ್ ತಂಡದಲ್ಲಿದ್ದವನು ಎಂದೆಲ್ಲ ಅವಳು ಕೇಳಿದ್ದಳು. ಅವನ ಕಣ್ಣು ಮಾತ್ರ ನಗುತ್ತಿರುತ್ತದೆ, ತುಟಿ ನಗುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಅದು ಕೋಪವನ್ನು ಇನ್ನಷ್ಟು ಏರಿಸಿತು.

"ಹೋಗಿ ಟೀಚರ್, ಪರವಾಗಿಲ್ಲ," ಎಂದ ಅವನು ಗೇಟಿನವರೆಗೆ ಬಂದು. "ಆದ್ರೆ ಬೇರೆ ಕಡೆ ಮೊದಲ ದಿನಾನೇ ಕೈಗೆ ಗುಂಡು ಕೊಟ್ರೆ, ಯಾಕೆ ಕೊಟ್ರಿ ಅಂತ ಒಂದು ಮಾತು ಕೇಳಿ."

*

ಎರಡನೆಯ ಕ್ಲಾಸು ಸೀಬ್ ಕಡೆಯ ಒಂದು ಕ್ಲಬ್ಬಿನಲ್ಲಿತ್ತು. ಕಲಿಸುವವನು ಕ್ಲಾರೆನ್ಸ್, ಮಂಗಳೂರಿನವನು. ಕಾರು ಶೋರೂಮಿನಲ್ಲಿ ಮ್ಯಾನೇಜರು, ನೋಡಲು ಚಂದ, ಇಸ್ತ್ರಿ ಮಾಡಿದ ಅಂಗಿ, ಘಮ್ಮೆನ್ನುವ ಸೆಂಟು. ಬೀಟ್ರಿಸ್ ಮಾವ್ಶಿಯ ಮನಸ್ಸಿನಲ್ಲಿ ಅವನಿಗೂ ಪ್ರೆಸಿಲ್ಲಾಳಿಗೂ ಆಗಲೇ ಅರ್ಧ ಮದುವೆ ಆಗಿಹೋಗಿತ್ತು.

ಅಲ್ಲಿ ಹತ್ತು ಹನ್ನೆರಡು ಜನ, ನಗು, ತಣ್ಣಗಿನ ಜ್ಯೂಸು. ಜೊತೆಗೆ ಬಂದಿದ್ದ, ಐವರಲ್ಲೊಬ್ಬಳಾದ ಗೆಳತಿ ರತ್ನಪ್ರಭಾ ಬಂದ ಹತ್ತು ನಿಮಿಷಕ್ಕೇ ಗುಂಡು ಹಾರಿಸಿ ಚಪ್ಪಾಳೆ ಗಿಟ್ಟಿಸಿದಳು. ಪ್ರೆಸಿಲ್ಲಾಳ ಗುಂಡು ನಡುವಿನ ಕಪ್ಪು ವೃತ್ತಕ್ಕೇ ಹೋಗಿ ನಾಟಿತು.

"ದೇವಾ! ಇವಳು ಹುಟ್ಟಾ ಶೂಟರ್!" ಕ್ಲಾರೆನ್ಸ್ ಎಲ್ಲರಿಗೂ ಕೇಳುವಂತೆ ಕೂಗಿದ. "ಇವಳಿಗೆ ನಾನು ಎಂತ ಕಲಿಸುದು?"

ಹೊಗಳಿಕೆ ಯಾರಿಗೆ ಬೇಡ? ಪ್ರೆಸಿಲ್ಲಾಳ ಕೆನ್ನೆ ಕೆಂಪಾಯಿತು. ಆದರೂ ಬೌಶರಿನ ಆ ಒಂದು ಮಾತು ಚಪ್ಪಲಿಯೊಳಗೆ ಸೇರಿದ ಮರಳಿನ ಹಾಗೆ ಕಾಡುತ್ತಿತ್ತು. ಕೇಳಿಯೇ ಬಿಟ್ಟಳು: "ಮೊದಲನೇ ದಿನವೇ ಗುಂಡು ಯಾಕೆ ಕೊಡುದು?"

"ಬಂದವರಿಗೆ ಖುಷಿಯಾಗ್ಬೇಕಲ್ಲ ಮಾರಾಯ್ತಿ!"

ಅವಳೂ ನಕ್ಕಳು. ಉತ್ತರ ಮಾತ್ರ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ.

ಮುಂದಿನ ಶುಕ್ರವಾರ ಇಬ್ಬರೂ ಮತ್ತೆ ಹೋದರು. ಪ್ರೆಸಿಲ್ಲಾ ತನ್ನ ಸರದಿ ಮುಗಿಸಿ, ಹಿಡಿಯ ಕೆಳಗಿನಿಂದ ಗುಂಡಿನ ಮ್ಯಾಗಜಿನ್ನನ್ನು ಎಳೆದು ತೆಗೆದು, ಪಿಸ್ತೂಲನ್ನು ಮೇಜಿನ ಮೇಲಿಟ್ಟಳು. ಅಷ್ಟು ಮಾಡಿದರೆ ಖಾಲಿಯಾಯಿತು ಎಂದು ಅವಳ ಲೆಕ್ಕ. ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು ಎಂಬುದನ್ನು ಅಲ್ಲಿ ಯಾರೂ ಅವಳಿಗೆ ಕಲಿಸಿರಲಿಲ್ಲ. ಕಲಿಸಲು ಹೊರಟವನನ್ನು ಬಿಟ್ಟು ಬಂದವಳು ಅವಳೇ.

"ನನಗೊಂದು ಫೋಟೋ ಬೇಕು, ಆದ್ರೆ ಒಳಗೆ ಗುಂಡು ಇದ್ರೆ ಅಂತ ಭಯ ಆಗುತ್ತೆ," ಎಂದಳು ರತ್ನಪ್ರಭಾ.

ಕ್ಲಾರೆನ್ಸ್ ಪಿಸ್ತೂಲನ್ನು ಎತ್ತಿಕೊಂಡ. "ಪ್ರೆಸಿಲ್ಲಾ ಖಾಲಿ ಮಾಡಿ ಇಟ್ಟದ್ದು. ಮತ್ತೆ ನೋಡ್ಲಿಕ್ಕೆ ಎಂತ ಉಂಟು? ಇಲ್ಲಿ ನೋಡಿ ಬೇಕಾದ್ರೆ." ಅವಳ ಭಯ ಬಿಡಿಸಲು ನಗುತ್ತಾ ನೆಲದ ಕಡೆ ಹಿಡಿದು ಟ್ರಿಗರ್ ಒತ್ತಿದ.

ಢಂ ಎಂದಿತು. ಸಿಮೆಂಟು ನೆಲ ಚೂರಾಗಿ ಸಿಡಿಯಿತು. ರತ್ನಪ್ರಭಾಳ ಕಾಲಿಗೂ ಆ ತೂತಿಗೂ ಒಂದು ಗೇಣು ಅಂತರ. ಸಿಡಿದ ಚೂರು ತಾಗಿ ಅವಳ ಪಾದದ ಮೇಲೆ ಕೆಂಪು ಗೆರೆಯೊಂದು ಮೂಡಿತು, ಅಷ್ಟೇ. ಪ್ರೆಸಿಲ್ಲಾ ಓಡಿಹೋಗಿ ನೆಲಕ್ಕೆ ಕೂತು ಗೆಳತಿಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಿಡಲು ಬಹಳ ಹೊತ್ತಾಯಿತು.

ಸ್ವಲ್ಪ ಸಾವರಿಸಿಕೊಂಡ ಕ್ಲಾರೆನ್ಸ್ ಅವಳನ್ನು ಪಕ್ಕಕ್ಕೆ ಕರೆದ. "ಯಾರಿಗೂ ಎಂತ ಆಗ್ಲಿಲ್ಲ ಅಲ್ವಾ? ಹೊರಗೆ ಹೇಳುದು ಬೇಡ. ಹೇಳಿದ್ರೆ ಹೋಗುದು ನಿನ್ನ ಹೆಸರೇ, ಒಳಗೆ ಗುಂಡು ಉಳಿಸಿದ್ದು ನೀನಲ್ವಾ? ನಾನಂತೂ ಬಾಯಿ ಬಿಡುದಿಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಚುಚ್ಚಿದ್ದು. ಕ್ಲಾರೆನ್ಸ್ ಅವಳನ್ನು ಪೂರ್ತಿ ನಂಬಿದ್ದ. ಆ ನಂಬಿಕೆಯೇ ರತ್ನಪ್ರಭಾಳ ಕಾಲಿನ ಪಕ್ಕ ತೂತು ಕೊರೆದಿತ್ತು. ಬೌಶರಿನಲ್ಲಿ ಒಬ್ಬ ಅವಳನ್ನು ನಂಬದೆ ಕಿರುಬೆರಳಿಟ್ಟು ನೋಡಿದ್ದ, ಅವಳು ಅವನ ಮೇಲೆ ಮುಖ ಊದಿಸಿಕೊಂಡು ಬಂದಿದ್ದಳು.

*

ಮಂಗಳವಾರ ಸಂಜೆ ಮಾವ್ಶಿಯ ಫ್ಲಾಟಿನಲ್ಲಿ ಸಂಘದ ಸಭೆ. ಕರಿದ ಬಿಸ್ಕೂಟ್ ಅಂಬೊಡೆ, ಚಹಾ, ಒಂದಿಷ್ಟು ಊರಿನ ಸುದ್ದಿ. ಕೊನೆಗೆ ಬೀಟ್ರಿಸ್ ಮಾವ್ಶಿ ಕನ್ನಡಕ ಸರಿಪಡಿಸಿಕೊಂಡು, "ಹಾಂ, ಪ್ರೆಸಿಲ್ಲಾ, ಕ್ಲಾರೆನ್ಸ್‌ನ ಕ್ಲಾಸೇ ಅಂತ ಬರ್ಕೊಳ್ಲಾ?" ಎಂದಳು.

ಪ್ರೆಸಿಲ್ಲಾ ಎದ್ದು ನಿಂತಳು. ಶಾಲೆಯ ಮೈದಾನದಲ್ಲಿ ಸಾವಿರ ಮಕ್ಕಳೆದುರು ನಿಲ್ಲುವವಳು ಆ ಸಣ್ಣ ಕೋಣೆಯಲ್ಲಿ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಬೇಡ. ಅಲ್ಲಿ ಗುಂಡು ಹಾರಿತು, ರತ್ನಪ್ರಭಾ ಅವರ ಕಾಲಿನ ಹತ್ತಿರ. ಪಿಸ್ತೂಲಿನಲ್ಲಿ ಗುಂಡು ಬಿಟ್ಟದ್ದು ನಾನು. ಖಾಲಿ ಅಂತ ಎಣಿಸಿದೆ, ಖಾಲಿ ಇರ್ಲಿಲ್ಲ."

ಮೂಲೆಯಲ್ಲಿ ಕೂತಿದ್ದ, ಹೆಸರು ಕೊಟ್ಟವರಲ್ಲೊಬ್ಬಳಾದ ಪ್ಯಾಟ್ರಿಷಿಯಾ ಯಾವ ಮುಲಾಜೂ ಇಲ್ಲದೆ ಕೇಳಿದಳು: "ಹಾಗಾದ್ರೆ ಇನ್ನು ನಿನ್ನ ಮಾತನ್ನು ಹೇಗೆ ನಂಬುದು ಟೀಚರ್?"

"ನಂಬುದು ಬೇಡ," ಎಂದಳು ಪ್ರೆಸಿಲ್ಲಾ. ಅವಳ ತಲೆ ತಗ್ಗಿರಲಿಲ್ಲ. "ಬೌಶರಿನಲ್ಲಿ ಒಬ್ರು ಇದ್ದಾರೆ. ಅವರು ಯಾರನ್ನೂ ನಂಬುದಿಲ್ಲ. ಮೊದಲ ದಿನ ಗುಂಡು ಕೊಡುದಿಲ್ಲ, ಹೊಗಳುದಿಲ್ಲ, ಒಂದು ಸಲಕ್ಕೆ ಒಬ್ಬರ ಕೈಗೇ ಪಿಸ್ತೂಲು. ನಾವೆಲ್ಲ ಅಲ್ಲಿಗೆ ಹೋಗ್ಬೇಕು. ನನ್ನ ಮಾತು ಬೇಡ, ನೀವೇ ಬಂದು ನೋಡಿ."

ರತ್ನಪ್ರಭಾ ಕೈಯೆತ್ತಿದಳು. "ಕಾಲು ನಂದು ಕಣ್ರೀ, ಹೋಗಿದ್ರೆ ನಂದೇ ಹೋಗ್ತಿತ್ತು. ನಾನು ಟೀಚರ್ ಜೊತೆ ಹೋಗ್ತೀನಿ."

ಎಲ್ಲರೂ ಹೋದ ಮೇಲೆ ಮಾವ್ಶಿ ಪಾತ್ರೆಗಳನ್ನು ಸಿಂಕಿಗೆ ಕುಕ್ಕುತ್ತಾ ಕೊಂಕಣಿಯಲ್ಲಿ ಗೊಣಗಿದ್ದೇ ಗೊಣಗಿದ್ದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಕ್ಲಾರೆನ್ಸ್‌ನಂಥ ಹುಡುಗ ಇನ್ನೆಲ್ಲಿ ಸಿಗುತ್ತಾನೆ ಎಂಬುದೇ ಅದರ ಸಾರ. ಪ್ರೆಸಿಲ್ಲಾ ಒದ್ದೆ ಪಾತ್ರೆ ಒರೆಸಿ ಕಪಾಟಿಗೆ ಜೋಡಿಸಿದಳು. ಶುಕ್ರವಾರದಿಂದ ಬಾರದಿದ್ದ ನಿದ್ದೆ ಅಂದು ಬಂತು.

*

ಬೌಶರಿಗೆ ಮತ್ತೆ ಹೋದಾಗ ಅವಳು ಕ್ಷಮೆ ಕೇಳಲಿಲ್ಲ. ನೇರವಾಗಿ, "ಐದು ಜನ ಇದ್ದೇವೆ. ಜಾಗ ಉಂಟಾ?" ಎಂದಳು.

ದೊರೆಸ್ವಾಮಿ ಟಾರ್ಗೆಟ್ಟಿನ ಕಾಗದ ಅಂಟಿಸುತ್ತಿದ್ದವನು ತಿರುಗಿದ. "ಉಂಟು," ಎಂದ, ಅವಳದೇ ಧಾಟಿಯಲ್ಲಿ. ಆಮೇಲೆ ಮೆಲ್ಲಗೆ, "ರತ್ನಪ್ರಭಾ ಅವರ ಯಜಮಾನ್ರು ನಮ್ಮ ಪ್ಲಾಂಟಲ್ಲೇ ಇರೋದು. ನೀವು ಸಭೇಲಿ ಎದ್ದು ನಿಂತು ಹೇಳಿದ್ರಂತೆ?"

"ಹೇಳಿದೆ. ಎಂತ ಈಗ? ನೀವೂ ನಗಾಡ್ತೀರಾ?"

"ನಗೋದಾ?" ಈ ಸಲ ಅವನ ಕಣ್ಣೂ ನಗುತ್ತಿರಲಿಲ್ಲ. "ಎಷ್ಟೋ ವರ್ಷದಿಂದ ಕಲಿಸ್ತಿದೀನಿ ಟೀಚರ್. ತಪ್ಪು ಎಲ್ರೂ ಮಾಡ್ತಾರೆ. ನಾನು ಮಾಡ್ದೆ ಅಂತ ನಾಲ್ಕು ಜನರ ಮುಂದೆ ಹೇಳಿದೋರನ್ನ ಮೊದಲ ಸಲ ನೋಡ್ತಿದೀನಿ. ಅಂಥವರ ಕೈಲಿ ಪಿಸ್ತೂಲು ಕೊಡೋಕೆ ನನಗೆ ಭಯ ಇಲ್ಲ."

ಆಮೇಲೆ ತನ್ನ ಮೇಷ್ಟ್ರು ಮೈಸೂರಿನಲ್ಲಿ ಹೇಳಿಕೊಟ್ಟ ಮಾತನ್ನು ಹೇಳಿದ: ಪಿಸ್ತೂಲು ಕೈ ಬದಲಾಯಿಸಿದರೆ ಕಣ್ಣೂ ಬದಲಾಗಬೇಕು. ಕೊಟ್ಟವನು ದೇವರೇ ಆಗಿರಲಿ, ತೆಗೆದುಕೊಂಡವನು ತಾನೇ ನೋಡಬೇಕು. ಪ್ರೆಸಿಲ್ಲಾ ಪಿಸ್ತೂಲು ತೆಗೆದುಕೊಂಡಳು, ತೆರೆದಳು, ಬೆರಳಿಟ್ಟು ನೋಡಿದಳು, ಹಿಂತಿರುಗಿಸಿದಳು. ಅವನು ತೆರೆದು ನೋಡಿದ. ಈ ಸಲ ಅವಳಿಗೆ ಕೋಪ ಬರಲಿಲ್ಲ. ತನ್ನ ಪ್ರಾಣವನ್ನು ಇಷ್ಟು ಜೋಪಾನವಾಗಿ ನೋಡುವ ಗಂಡಸು ಇವನೊಬ್ಬನೇ ಎಂದೆನಿಸಿ, ಹಾಗೆನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಚಳಿಗಾಲ ಹಾಗೆಯೇ ಕಳೆಯಿತು. ಶುಕ್ರವಾರ ಬಂತೆಂದರೆ ಐವರೂ ಬೌಶರಿನಲ್ಲಿ. ಮೊದಮೊದಲು ಗುಂಡೇ ಇಲ್ಲ, ಬರೀ ನಿಲ್ಲುವುದು, ಉಸಿರು ಬಿಡುವುದು, ಬೆರಳನ್ನು ಟ್ರಿಗರಿನಿಂದ ಹೊರಗಿಡುವುದು. ಪ್ಯಾಟ್ರಿಷಿಯಾ ಒಮ್ಮೆ ಪಿಸ್ತೂಲು ಹಿಡಿದೇ ಪಕ್ಕದವಳ ಕಡೆ ತಿರುಗಿದಳು. ಅವನು ಇಡೀ ಕ್ಲಾಸನ್ನೇ ನಿಲ್ಲಿಸಿ, ಮೊದಲಿಂದ ಮತ್ತೆ ಶುರುಮಾಡಿದ. ಯಾರೂ ಗೊಣಗಲಿಲ್ಲ.

ಕೈ ಅಲುಗಬಾರದೆಂದು ನಳಿಗೆಯ ಮೇಲೆ ಒಮಾನಿ ಬೈಸಾ ನಾಣ್ಯವೊಂದನ್ನು ಇಟ್ಟು, ಗುಂಡಿಲ್ಲದೆ ಟ್ರಿಗರ್ ಒತ್ತಿಸುತ್ತಿದ್ದ. ಎಲ್ಲರದ್ದೂ ಬೀಳುತ್ತಿತ್ತು, ಪ್ರೆಸಿಲ್ಲಾಳದ್ದು ಬೀಳುತ್ತಿರಲಿಲ್ಲ. ದೊರೆಸ್ವಾಮಿ ಅವಳ ಪಕ್ಕ ಬಂದು ನಿಂತಾಗ ಮಾತ್ರ ಠಣ್ಣೆಂದು ಬೀಳುತ್ತಿತ್ತು.

"ಟೀಚರ್, ನಾಣ್ಯ ಬಿತ್ತು."

"ನೀವು ಆಚೆ ನೋಡಿ. ಬೀಳುದಿಲ್ಲ."

"ಆಚೆ ನೋಡಿದ್ರೆ ಬಿತ್ತೋ ಇಲ್ವೋ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಸದ್ದು ಕೇಳ್ತದಲ್ಲ ಮಾರಾಯ್ರೆ!"

ರತ್ನಪ್ರಭಾ ಕೆಮ್ಮಿದಳು. ದೊರೆಸ್ವಾಮಿ ಆಚೆ ತಿರುಗಿದ. ಅವನ ಕಿವಿಯ ತುದಿ ಕೆಂಪಾಗಿದ್ದನ್ನು ಪ್ರೆಸಿಲ್ಲಾ ನೋಡಿದಳು. ನಾಣ್ಯ ಮತ್ತೆ ಬಿತ್ತು.

ಕ್ರೀಡಾಕೂಟಕ್ಕೆ ವಾರವಿರುವಾಗ ಸಂಘದ ಪರವಾಗಿ ಬಹುಮಾನದ ಕಪ್ಪುಗಳನ್ನು ಕೊಳ್ಳಲು ಇಬ್ಬರೂ ಮತ್ರಾದ ಸೂಕ್ ಪೇಟೆಗೆ ಹೋಗಿದ್ದರು. ಕೆಲಸ ಮುಗಿಸಿ ಸಮುದ್ರದ ದಡದ ಕಟ್ಟೆಯ ಮೇಲೆ ಕೂತು ಹಾಲಿಲ್ಲದ ಸುಲೈಮಾನಿ ಚಹಾ ಕುಡಿದರು. ಎದುರಿಗೆ ಮೀನುದೋಣಿಗಳು, ಹಿಂದಿನ ಗಲ್ಲಿಯಿಂದ ಲೋಬಾನದ ಪರಿಮಳ.

"ನಿಮ್ಮನ್ನ ಕಂಡ್ರೆ ನನಗೆ ಹೆಮ್ಮೆ ಕಣ್ರೀ," ಎಂದ ದೊರೆಸ್ವಾಮಿ ಇದ್ದಕ್ಕಿದ್ದಂತೆ, ದೋಣಿಗಳಿಗೆ ಹೇಳುವವನ ಹಾಗೆ.

"ಹೆಮ್ಮೆ ಮಾತ್ರವಾ?"

ಕೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಅವನು ಗ್ಲಾಸನ್ನು ಕೆಳಗಿಟ್ಟ, ಮತ್ತೆ ಎತ್ತಿಕೊಂಡ, ಮತ್ತೆ ಕೆಳಗಿಟ್ಟ.

"ಅಲ್ಲ. ಪ್ರೀತಿ. ಅದು ನಿಮಗೂ ಗೊತ್ತು." ಈಗ ಅವಳನ್ನೇ ನೋಡಿದ. "ಆದ್ರೆ ನಿಮ್ಮದು ಇಗರ್ಜಿ, ನಮ್ಮದು ದೇವಸ್ಥಾನ. ನಾಳೆ ನಾಲ್ಕು ಜನ ಆಡಿಕೊಂಡ್ರೆ ಅದು ಬರೋದು ನಿಮ್ಮ ಹೆಸರಿಗೆ. ಆ ಹೆಸರು ನಿಮಗೆ ಎಷ್ಟು ಮುಖ್ಯ ಅಂತ ನಾನು ನೋಡಿದೀನಿ. ಅದಕ್ಕೇ ಈ ಮಾತು ಇನ್ನೊಂದು ಸಲ ಎತ್ತಲ್ಲ. ಬೇಕು ಅನ್ನಿಸಿದ್ರೆ ನೀವು ಹೇಳಿ. ಬೇಡ ಅನ್ನಿಸಿದ್ರೂ ಶುಕ್ರವಾರದ ಕ್ಲಾಸು ಇದ್ದೇ ಇರುತ್ತೆ."

ಎಲ್ಲಿ ಬೇಕಾದರೂ ಎದ್ದು ನಿಂತು ಮಾತಾಡುವ ಪ್ರೆಸಿಲ್ಲಾ ಟೀಚರಿಗೆ ಆ ಸಂಜೆ ಒಂದು ಮಾತೂ ಹೊರಡಲಿಲ್ಲ. ಮನಸ್ಸು ಹೂಂ ಎನ್ನುತ್ತಿತ್ತು. ನಾಲಗೆಯ ಮೇಲೆ ಮಾವ್ಶಿ, ಊರಲ್ಲಿದ್ದ ಅಮ್ಮ, ಇಗರ್ಜಿಯ ಜನ ಎಲ್ಲರೂ ಸಾಲಾಗಿ ಕೂತಿದ್ದರು. ಪಿಸ್ತೂಲಿನ ವಿಷಯದಲ್ಲಿ ಹೆಸರು ಹೇಗೋ ಉಳಿದುಕೊಂಡಿತ್ತು. ಇದರಲ್ಲಿ ಉಳಿಯುತ್ತದೆಂದು ಹೇಳುವವರು ಯಾರು? ಟ್ಯಾಕ್ಸಿಯಲ್ಲಿ ಇಬ್ಬರ ನಡುವೆ ಕಪ್ಪುಗಳ ಪೆಟ್ಟಿಗೆಯನ್ನಿಟ್ಟುಕೊಂಡು ಅವಳು ಕಿಟಕಿಯ ಹೊರಗೆ ನೋಡುತ್ತಾ ರೂವಿ ತಲುಪಿದಳು.

*

ಸ್ಪರ್ಧೆಯಲ್ಲಿ ಅವರಿಗೆ ಮೊದಲ ಸ್ಥಾನ ಬರಲಿಲ್ಲ. ಎರಡನೆಯದು ಬಂತು. ಆದರೆ ಮುಗಿದ ಮೇಲೆ ರೇಂಜಿನ ಅಧಿಕಾರಿ, ನೆರೆತ ಗಡ್ಡದ ಒಮಾನಿ, ಎಲ್ಲ ತಂಡಗಳನ್ನೂ ದಾಟಿ ಈ ಐವರ ಬಳಿ ಬಂದ. ಅರ್ಧ ಇಂಗ್ಲಿಷು ಅರ್ಧ ಹಿಂದಿಯಲ್ಲಿ, ಇಡೀ ದಿನ ತಾನು ಒಂದು ಸಲವೂ ಎಚ್ಚರಿಸಬೇಕಾಗದಿದ್ದದ್ದು ಈ ತಂಡವನ್ನು ಮಾತ್ರ ಎಂದ. ತನ್ನ ಮಗಳು ಕಲಿಯಬೇಕೆಂದು ಹಟ ಮಾಡುತ್ತಿದ್ದಾಳೆ, ನೀವು ಎಲ್ಲಿ ಕಲಿತಿರಿ ಎಂದು ಕೇಳಿದ.

"ಇವರ ಹತ್ತಿರ," ಎಂದಳು ಪ್ಯಾಟ್ರಿಷಿಯಾ, ದೊರೆಸ್ವಾಮಿಯನ್ನು ತೋರಿಸಿ. ನಂತರ ಪ್ರೆಸಿಲ್ಲಾಳ ಹೆಗಲು ತಟ್ಟಿದಳು. "ಆರಿಸಿದ್ದು ನಮ್ಮ ಟೀಚರ್."

ಪ್ರೆಸಿಲ್ಲಾಳ ಕಣ್ಣು ತುಂಬಿತು. ತನ್ನ ಗುಂಡು ಗುರಿ ಮುಟ್ಟಿದಾಗಲೂ ಇಷ್ಟು ಹೆಮ್ಮೆಯಾಗಿರಲಿಲ್ಲ. ಹೆಸರು ಹೋಗುತ್ತದೆಂದು ಹೆದರಿ ಅಂದು ಬಾಯಿ ಮುಚ್ಚಿಕೊಂಡಿದ್ದರೆ ಈ ದಿನ ಇರುತ್ತಲೇ ಇರಲಿಲ್ಲ. ಹಾಗಾದರೆ ಮತ್ರಾದಲ್ಲಿ ಬಾಯಿ ಮುಚ್ಚಿಕೊಂಡದ್ದು ಯಾಕೆ?

ಸಂಜೆ ಸಂಘದ ಹಾಲಿನಲ್ಲಿ ಸನ್ಮಾನ. ಹಾಲು ತುಂಬಾ ಜನ. ಕ್ಲಾರೆನ್ಸೂ ಬಂದಿದ್ದ, ಮುಂದಿನ ಸಾಲಿನಲ್ಲೇ. ಬೀಟ್ರಿಸ್ ಮಾವ್ಶಿ ಮೈಕು ಹಿಡಿದು ಒಬ್ಬೊಬ್ಬರನ್ನೇ ಕರೆದು ಹಾರ ಹಾಕಿಸಿದಳು. ಮತ್ರಾದ ಕಟ್ಟೆಯ ಸುದ್ದಿ ಯಾರಿಂದಲೋ ಅವಳ ಕಿವಿಗೂ ಬಿದ್ದಿರಬೇಕು. ದೊರೆಸ್ವಾಮಿಯ ಸರದಿ ಬಂದಾಗ ಧ್ವನಿ ಬಿಗಿಯಾಯಿತು.

"ಇವರು ದೊರೆಸ್ವಾಮಿಯವರು. ನಮ್ಮ ಪ್ರೆಸಿಲ್ಲಾಳಿಗೆ ಪಿಸ್ತೂಲು ಕಲಿಸಿದ ಮೇಷ್ಟ್ರು. ಅಷ್ಟೇ."

ಆ ಕೊನೆಯ ಪದ ಹಾಲಿನ ಕೊನೆಯವರೆಗೂ ಕೇಳಿತು. ದೊರೆಸ್ವಾಮಿ ಸಮೋಸದ ತಟ್ಟೆ ಹಿಡಿದುಕೊಂಡೇ ಕೈ ಮುಗಿಯಲು ನೋಡಿ, ಆಗದೆ, ತಲೆ ಬಾಗಿಸಿದ.

ಪ್ರೆಸಿಲ್ಲಾ ವೇದಿಕೆ ಹತ್ತಿದಳು. ಮಾವ್ಶಿಯ ಕೈಯಿಂದ ಮೈಕು ತೆಗೆದುಕೊಂಡಳು.

"ಅಷ್ಟೇ ಅಲ್ಲ ಮಾವ್ಶಿ," ಎಂದಳು. "ಇವರು ನಾನು ಮದುವೆ ಆಗುವವರು."

ಮುಂದಿನ ಸಾಲಿನವರು ದೊರೆಸ್ವಾಮಿಯ ಕಡೆ ತಿರುಗಿದರು.

"ಇದು ಇವರಿಗೂ ಈಗಲೇ ಗೊತ್ತಾಗುದು," ಎಂದು ಅವಳು ಸೇರಿಸಿದಳು. ಅವಳ ಧ್ವನಿ ಒಂಚೂರೂ ನಡುಗಲಿಲ್ಲ. "ಒಂದು ವಾರದ ಹಿಂದೆ ಕೇಳಿದ್ರು. ನಾನು ಹೆದರಿ ಉತ್ತರ ಕೊಡ್ಲಿಲ್ಲ. ಕ್ಲಾಸು ಆರಿಸುವಾಗ ನಾನು ಒಮ್ಮೆ ತಪ್ಪಿದ್ದೆ, ಅದನ್ನು ನಿಮ್ಮೆಲ್ಲರ ಎದುರು ಹೇಳಿದ್ದೇನೆ. ಇದರಲ್ಲಿ ತಪ್ಪಿಲ್ಲ, ಅದನ್ನೂ ನಿಮ್ಮೆಲ್ಲರ ಎದುರೇ ಹೇಳ್ತಿದ್ದೇನೆ. ಎಂತ ದೊರೆಸ್ವಾಮಿಯವರೆ, ಆಗ್ಬಹುದಾ?"

ದೊರೆಸ್ವಾಮಿಯ ತಟ್ಟೆಯಿಂದ ಸಮೋಸ ಕೆಳಗೆ ಬಿತ್ತು. "ಆಗಬಹುದು," ಎಂದ ಅವನು, ಮೈಕಿಲ್ಲದೆಯೇ ಎಲ್ಲರಿಗೂ ಕೇಳುವಂತೆ. ರತ್ನಪ್ರಭಾ ಕುರ್ಚಿಯ ಮೇಲೆ ಹತ್ತಿ ಚಪ್ಪಾಳೆ ಹೊಡೆದಳು. ಒಂದಿಷ್ಟು ಜನ ಜೊತೆಗೂಡಿದರು, ಇನ್ನೊಂದಿಷ್ಟು ಜನ ಮಾವ್ಶಿಯ ಮುಖ ನೋಡಿದರು.

ಬೀಟ್ರಿಸ್ ಮಾವ್ಶಿ ಮಗನನ್ನಾಗಲಿ ಮಗಳನ್ನಾಗಲಿ ಹೆತ್ತವಳಲ್ಲ. ಅವಳಿಗಿದ್ದದ್ದು ಈ ಹಟಮಾರಿ ಹುಡುಗಿಯೊಬ್ಬಳೇ. ಅವಳು ಮೆಲ್ಲಗೆ ಮೆಟ್ಟಿಲಿಳಿದು ಬಂದು ದೊರೆಸ್ವಾಮಿಯ ಎದುರು ನಿಂತಳು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನ ಕೈಯಿಂದ ಬರಿ ತಟ್ಟೆ ಕಿತ್ತುಕೊಂಡು ಮೇಜಿನ ಬಳಿ ಹೋದಳು. ಎರಡು ಸಮೋಸ ಇಟ್ಟಳು, ಒಂದು ಕ್ಷಣ ಯೋಚಿಸಿ ಮೂರನೆಯದನ್ನೂ ಇಟ್ಟಳು.

"ಇಗರ್ಜಿಯಾ ಛತ್ರವಾ ಅಂತ ನಿನ್ನ ಹತ್ತಿರ ಆಮೇಲೆ ಜಗಳ ಆಡ್ತೇನೆ," ಎಂದಳು, ತಟ್ಟೆಯನ್ನು ಅವನ ಕೈಗಿಟ್ಟು. "ಈಗ ತಿನ್ನು ಮಗಾ."